ಮಗಳಿಗೊಂದು ಪತ್ರ: ದುಡ್ಡು ಕೈಗೆ ಬರುವ ತಿಂಗಳು

ಪ್ರೀತಿಯ ಮಗಳೇ,

ಆಶೀರ್ವಾದಗಳು. ಇಲ್ಲಿ ನಾವಿಬ್ಬರೂ ಕ್ಷೇಮ. ಬ್ಯಾಂಕಿನ ಸಾಲ ವಿಭಾಗಕ್ಕೆ ಬಂದು ಎಂಟು ತಿಂಗಳಾದರೂ ಮ್ಯಾನೇಜರು ಮುಖ್ಯವಾದ ಕಡತಗಳನ್ನು ಬೇರೆಯವರಿಗೇ ಕೊಡುತ್ತಾರೆ, ನಿನಗೆ ಉಳಿಯುವುದು ಎಂಟ್ರಿ ಮಾಡುವ ಕೆಲಸ ಮಾತ್ರ ಎಂದು ಮೊನ್ನೆ ಫೋನಿನಲ್ಲಿ ಬೇಸರಪಟ್ಟುಕೊಂಡೆ. ಆಗ ಸಮಾಧಾನ ಹೇಳಿದೆನಾದರೂ ಹೇಳಬೇಕಾದದ್ದು ಉಳಿದುಹೋಯಿತು ಎನಿಸಿ ಬರೆಯುತ್ತಿದ್ದೇನೆ.

ಮಲೆನಾಡಿನ ಒಂದು ಶಾಖೆಯಲ್ಲಿ ನಾನು ಸಾಲದ ಮೇಜಿಗೆ ಕುಳಿತ ಮೊದಲ ವರ್ಷ, ಅಡಿಕೆ ಬೆಳೆಗಾರರೊಬ್ಬರಿಗೆ ಪಂಪ್‌ಸೆಟ್ ಸಾಲ ಶಿಫಾರಸು ಮಾಡಿದೆ. ಪಹಣಿ ಸರಿಯಿತ್ತು, ಹಳೆಯ ಬಾಕಿ ಇರಲಿಲ್ಲ. ಹಿಂದಿನ ಕಡತಗಳಲ್ಲಿ ಕಂಡಂತೆ ಮೂರು ತಿಂಗಳಿಗೊಂದು ಕಂತು ಎಂದು ತುಂಬಿಸಿದೆ. ಜೂನ್ ಕಂತು ಬರಲಿಲ್ಲ, ಸೆಪ್ಟೆಂಬರಿನದೂ ಬರಲಿಲ್ಲ, ನೋಟಿಸು ಹೋಯಿತು. ಎಲ್ಲರೆದುರು ತಲೆ ತಗ್ಗಿಸಿ ನಿಂತ ಆ ಹಿರಿಯರು, "ಅಡಿಕೆ ಕೊನೆ ಇಳಿಸುವುದೇ ದೀಪಾವಳಿಯ ಆಚೀಚೆ ಅಮ್ಮಾ. ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಹಾಕಿದ ಮೇಲಲ್ಲವೇ ದುಡ್ಡು? ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಸುವುದಕ್ಕೇ ಕೈಗಡ ಮಾಡುತ್ತೇವೆ" ಎಂದರು. ಅಡಿಕೆ ತೋಟಗಳ ನಡುವೆಯೇ ಬೆಳೆದ ನನಗೆ ಇದು ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ಕಡತ ಬರೆಯುವಾಗ ನೆನಪಾಗಲಿಲ್ಲ, ಅಷ್ಟೇ. ಆ ನಾಚಿಕೆ ನನಗೆ ಇಂದಿಗೂ ಇದೆ.

ಸಾಲಗಾರರಿಗೆ ಕಟ್ಟುವ ಮನಸ್ಸಿಲ್ಲ ಎಂದು ಷರಾ ಬರೆದು ನಾನು ಪಾರಾಗಬಹುದಿತ್ತು. ಕಂತಿನ ಅವಧಿ ನಿಗದಿ ಮಾಡಿದ್ದರಲ್ಲಿ ತಪ್ಪು ನನ್ನದೆಂದು ಒಪ್ಪಿಕೊಂಡು, ಕೊಯ್ಲಿನ ನಂತರ ವರ್ಷಕ್ಕೊಂದೇ ಕಂತು ಇರಲಿ ಎಂದು ಕಾರಣಸಹಿತ ಟಿಪ್ಪಣಿ ಮೇಲಕ್ಕೆ ಕಳಿಸಿದೆ. ಮಂಜೂರಾಯಿತು, ಹಣವೂ ತೀರಿತು. ಅಂದಿನಿಂದ ಯಾರೇ ಸಾಲ ಕೇಳಿಕೊಂಡು ಬಂದರೂ, ನಿಮ್ಮ ಕೈಗೆ ದುಡ್ಡು ಬರುವುದು ಯಾವ ತಿಂಗಳು ಎಂದು ಮೊದಲು ಕೇಳುತ್ತಿದ್ದೆ. ಅರ್ಜಿಯ ನಮೂನೆಯಲ್ಲಿ ಆ ಪ್ರಶ್ನೆ ಇರಲಿಲ್ಲ. ಎರಡು ವರ್ಷದೊಳಗೆ ಕಷ್ಟದ ಕಡತಗಳನ್ನು ನನ್ನ ಮೇಜಿಗೇ ಕಳಿಸತೊಡಗಿದರು.

ಕಂತು ತಪ್ಪಿ 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ವಸೂಲಾಗದೆ ನಿಂತ ಸಾಲ, ಎಂಬ ನಿಯಮ ನಿನಗೆ ಬಾಯಿಪಾಠವಿದೆ. ಬೆಳೆ ಸಾಲಕ್ಕೆ ಮಾತ್ರ ದಿನಗಳ ಲೆಕ್ಕ ಬಿಟ್ಟು ಅಲ್ಪಾವಧಿ ಬೆಳೆಗೆ ಎರಡು ಹಂಗಾಮು, ದೀರ್ಘಾವಧಿ ಬೆಳೆಗೆ ಒಂದು ಹಂಗಾಮು ಎಂದು ರಿಸರ್ವ್ ಬ್ಯಾಂಕ್ ಏಕೆ ಇಟ್ಟಿದೆ ಎಂದು ಎಂದಾದರೂ ಯೋಚಿಸಿದ್ದೀಯಾ? ಆ ಹಿರಿಯರು ಹೇಳಿದ ಮಾತೇ ಸುತ್ತೋಲೆಯ ಭಾಷೆಯಲ್ಲಿ ಅಲ್ಲಿದೆ. ಬ್ಯಾಂಕ್ ನೌಕರರಿಗಿರುವ ಜೆಎಐಐಬಿ ಪರೀಕ್ಷೆಯನ್ನು ತಪ್ಪದೆ ಕಟ್ಟು, ಅದರಿಂದ ಸಿಗುವ ಇನ್‌ಕ್ರಿಮೆಂಟನ್ನು ಬಿಡಬೇಡ. ಆದರೆ ಪುಸ್ತಕದ ಪಾಠವನ್ನು ಅಂದಂದಿನ ಒಂದು ಕಡತದ ಪಕ್ಕದಲ್ಲಿಟ್ಟುಕೊಂಡು ಓದು. ಎಂಟ್ರಿ ಮಾಡುವ ಕೆಲಸವನ್ನು ಹಗುರವಾಗಿ ಕಾಣಬೇಡ, ಯಾವ ಸಾಲ ಏಕೆ ತೀರಿತು, ಯಾವುದು ಏಕೆ ಸುಸ್ತಿಯಾಯಿತು ಎಂಬುದೆಲ್ಲ ನಿನ್ನ ಕಣ್ಣೆದುರೇ ಹಾದುಹೋಗುತ್ತಿದೆ. ಮ್ಯಾನೇಜರಿಗೆ ಕಡತ ಒಪ್ಪಿಸುವಾಗ ನಿನ್ನ ಅಭಿಪ್ರಾಯ ಮತ್ತು ಅದರ ಕಾರಣವನ್ನು ನಾಲ್ಕು ಸಾಲಿನಲ್ಲಿ ಬರೆದಿಡು. ಅವರು ಒಪ್ಪದಿದ್ದರೆ ಕಾರಣ ಕೇಳು, ವಾದಿಸಬೇಡ.

ಶುಂಠಿ ಬೆಳೆಯಲು ಸಾಲ ಕೇಳಿದವರೊಬ್ಬರ ಅರ್ಜಿ ನಿನ್ನ ಬಳಿ ಇದೆ ಎಂದೆಯಲ್ಲ. ಶುಂಠಿಯನ್ನು ಬಹಳ ಜನ ಗೇಣಿಗೆ ಹಿಡಿದ ಜಮೀನಿನಲ್ಲಿ ಹಾಕುತ್ತಾರೆ. ಪಹಣಿಯಲ್ಲಿ ಯಾರ ಹೆಸರಿದೆ, ಒಪ್ಪಂದ ಬರವಣಿಗೆಯಲ್ಲಿದೆಯೇ, ನೀರಿಗೆ ಏನು ವ್ಯವಸ್ಥೆ ಎಂದು ಸ್ಥಳಕ್ಕೇ ಹೋಗಿ ನೋಡು. ನೋಡಿ ಬಂದ ದಿನ ರಾತ್ರಿ ಫೋನ್ ಮಾಡು, ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ಇಂತಿ,
ನಿನ್ನ ಅಮ್ಮ