ಮಗಳಿಗೊಂದು ಪತ್ರ: ಯಾವ ಥೆಸಾರಸ್ ಕೊಳ್ಳಲಿ ಅಂತ ಕೇಳಿದ್ದಕ್ಕೆ

ಪ್ರೀತಿಯ ಪುಟ್ಟಿ,

ಒಳ್ಳೆಯ ಥೆಸಾರಸ್, ಅಂದರೆ ಹತ್ತಿರದ ಅರ್ಥದ ಪದಗಳನ್ನು ಒಟ್ಟಿಗೆ ಕೊಡುವ ಪುಸ್ತಕ, ಯಾವುದು ಅಂತ ಕೇಳಿದ್ದೀಯ. ಫೋನಿನಲ್ಲೇ ಒಂದು ಹೆಸರು ಹೇಳಿ ಮುಗಿಸಬಹುದಿತ್ತು. ಆದರೆ ಅದು ನಿನಗೆ ಯಾಕೆ ಬೇಕು ಅಂತಲೂ ಹೇಳಿದೆಯಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿನ್ನ ವರದಿಯಲ್ಲಿ "ಕೆರೆ" ಅನ್ನುವ ಪದ ಜಾಸ್ತಿ ಆಯಿತು, ಬದಲಾಯಿಸಿ ಬರಿ ಅಂದರಂತೆ ನಿಮ್ಮ ಪತ್ರಿಕೆಯಲ್ಲಿ ವರದಿ ತಿದ್ದುವ ಡೆಸ್ಕಿನವರು. ನೀನು ಎರಡನೇ ಪ್ಯಾರಾದಲ್ಲಿ ಸರೋವರ ಮಾಡಿದೆ, ಆಮೇಲೆ ಜಲಾಶಯ, ಕೊನೆಗೆ ಜಲಮೂಲ.

ಅಚ್ಚಾಗಿದ್ದನ್ನು ಓದಿದೆ. ಕೆರೆ ಅಂತಲೇ ಬಿಟ್ಟಿದ್ದರೆ ಚೆನ್ನಾಗಿತ್ತು ಕಣೇ. ಜಲಾಶಯ ಅಂದರೆ ನಮ್ಮ ಕಡೆಯವರಿಗೆ ಲಿಂಗನಮಕ್ಕಿ ಕಣ್ಣ ಮುಂದೆ ಬರುತ್ತದೆ, ಹೊಳೆಗೆ ಅಡ್ಡ ಕಟ್ಟಿ ನಿಲ್ಲಿಸಿದ ನೀರು. ಸರೋವರ ಅಂದರೆ ಮಾನಸ ಸರೋವರ. ಜಲಮೂಲ ಅಂದರೆ ಬಾವಿ, ಹಳ್ಳ, ಒರತೆ ಎಲ್ಲ ಸೇರಿತು. ಇರುವುದು ಒಂದು ಕೆರೆ, ಓದುವವರಿಗೆ ಕಾಣುವುದು ನಾಲ್ಕು ನೀರು. ಊರಿನವರು ಇದರಲ್ಲಿ ಎಷ್ಟು ಖಚಿತ ನೋಡು. ದನಕರು ನೀರು ಕುಡಿಯಲಿ ಅಂತ ಕಟ್ಟಿದ್ದು ಗೋಕಟ್ಟೆ. ದೇವಸ್ಥಾನದ ಹತ್ತಿರ ಮೆಟ್ಟಿಲು ಇಳಿದು ಹೋಗುವುದು ಕಲ್ಯಾಣಿ. ಬಯಲುಸೀಮೆಯಲ್ಲಿ ಸಣ್ಣದಾಗಿ ನೀರು ನಿಲ್ಲುವುದು ಕುಂಟೆ. ಕುಂಟೆಯನ್ನು ಕೆರೆ ಅಂದರೆ ಅವರು ತಿದ್ದುತ್ತಾರೆ. ಬೇರೆ ಬೇರೆ ವಸ್ತು, ಅದಕ್ಕೇ ಬೇರೆ ಬೇರೆ ಹೆಸರು.

ಅದಕ್ಕೇ ಮೊದಲು ಇದನ್ನು ಹೇಳಿಬಿಡುತ್ತೇನೆ. ಒಂದೇ ಪದ ಎರಡು ಸಲ ಬರಬಾರದು ಅನ್ನುವುದಕ್ಕಾಗಿ ಥೆಸಾರಸ್ ಕೊಳ್ಳಬೇಡ. ಹೇಳಬೇಕಾದದ್ದು ಮನಸ್ಸಿನಲ್ಲಿದೆ, ಪದ ನಾಲಿಗೆ ತುದಿಯಲ್ಲಿದೆ, ಬಾಯಿಗೆ ಬರುತ್ತಿಲ್ಲ ಅನ್ನುವ ಹೊತ್ತಿಗೆ ಬೇಕಾದ ಪುಸ್ತಕ ಅದು. ನಿಘಂಟಿನಲ್ಲಿ ಪದ ಹಿಡಿದು ಅರ್ಥಕ್ಕೆ ಹೋಗುತ್ತೇವೆ. ಇದರಲ್ಲಿ ಅರ್ಥ ಹಿಡಿದು ಪದಕ್ಕೆ ಬರುತ್ತೇವೆ.

ಇಂಗ್ಲಿಷಿನಲ್ಲಿ ಇದಕ್ಕೆ ಹೆಸರು ತಂದವರು ಪೀಟರ್ ಮಾರ್ಕ್ ರೋಜೆ. ವೃತ್ತಿಯಲ್ಲಿ ವೈದ್ಯರು, ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿಯೂ ಆಗಿದ್ದವರು. ಬರೆಯುವಾಗ ತಮಗೇ ಬೇಕಾಗುತ್ತದೆ ಅಂತ 1805ರಲ್ಲಿ ಒಂದು ಪದಪಟ್ಟಿ ಮಾಡಿಟ್ಟುಕೊಂಡಿದ್ದರು. ನಿವೃತ್ತಿ ಆದಮೇಲೆ ಅದನ್ನೇ ಬೆಳೆಸಿ 1852ರಲ್ಲಿ ಪುಸ್ತಕ ಮಾಡಿದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಅದರಲ್ಲಿ ಪದಗಳು ಅಕಾರಾದಿಯಲ್ಲಿ ಇಲ್ಲ. ಲೋಕದ ವಿಷಯಗಳನ್ನೆಲ್ಲ ಆರು ದೊಡ್ಡ ಗುಂಪು ಮಾಡಿ, ಅವುಗಳೊಳಗೆ ಸುಮಾರು ಸಾವಿರ ತಲೆಬರಹ ಇಟ್ಟರು. ಮೊದಲನೆಯದು "ಇರುವುದು", ಎರಡನೆಯದು "ಇಲ್ಲದಿರುವುದು". ಎದುರುಬದುರು ಅರ್ಥದ ಪದಗಳು ಅಕ್ಕಪಕ್ಕದಲ್ಲೇ ಸಿಗುವ ಹಾಗೆ ಜೋಡಿಸಿದರು. ಕೊನೆಯಲ್ಲಿ ಹುಡುಕಿಕೊಳ್ಳಲು ಒಂದು ಸೂಚಿ.

ಇದೆಲ್ಲ ನಮಗೆ ಹೊಸದೇನಲ್ಲ. ಅಮರಕೋಶ ಇದೇ ಕೆಲಸವನ್ನು ರೋಜೆಗಿಂತ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ಸಂಸ್ಕೃತದಲ್ಲಿ ಮಾಡಿತ್ತು. ಮೂರು ಕಾಂಡ, ಅದರೊಳಗೆ ಸ್ವರ್ಗ, ಕಾಲ, ಪಾತಾಳ, ಊರು, ಬೆಟ್ಟ, ಗಿಡಮೂಲಿಕೆ, ಪ್ರಾಣಿ ಅಂತ ವಿಷಯವಾರು ವರ್ಗ. ಶ್ಲೋಕದಲ್ಲಿರುವುದರಿಂದ ಮಕ್ಕಳು ಬಾಯಿಪಾಠ ಮಾಡುತ್ತಿದ್ದರು. ಬೆಂಕಿಗೆ ಅಗ್ನಿ, ವೈಶ್ವಾನರ, ವಹ್ನಿ, ವೀತಿಹೋತ್ರ, ಧನಂಜಯ ಅಂತ ಹೆಸರಿನ ಮೇಲೆ ಹೆಸರು ಬರುತ್ತದೆ. ಕನ್ನಡದ ಕವಿಗಳೂ ಇಂಥ ಕೋಶಗಳನ್ನು ಕಟ್ಟಿಕೊಂಡರು. ನಾಗವರ್ಮನ ಅಭಿಧಾನವಸ್ತುಕೋಶ ಇದೆ. ಲಿಂಗಮಂತ್ರಿಯ ಕಬ್ಬಿಗರ ಕೈಪಿಡಿ ಇದೆ, ಯಾರಿಗಾಗಿ ಬರೆದದ್ದು ಅಂತ ಅದರ ಹೆಸರೇ ಹೇಳುತ್ತದೆ.

ಒಂದು ವಿಷಯ ಗಮನಿಸು. ಅಮರಕೋಶದಲ್ಲಾಗಲಿ ರೋಜೆಯ ಪುಸ್ತಕದಲ್ಲಾಗಲಿ ಪದಕ್ಕೂ ಪದಕ್ಕೂ ಇರುವ ವ್ಯತ್ಯಾಸದ ವಿವರಣೆ ಇಲ್ಲ. ಅವರಿಗೆ ಅದು ಬೇಕಿರಲಿಲ್ಲ. ಕವಿಗೆ ಛಂದಸ್ಸಿಗೆ ಹೊಂದುವ ಪದ ಸಿಕ್ಕರೆ ಸಾಕು, ವಹ್ನಿ ಕೂರದ ಕಡೆ ವೀತಿಹೋತ್ರ ಕೂರಬಹುದು. ರೋಜೆ ಬರೆದದ್ದು ಇಂಗ್ಲಿಷ್ ಮನೆಮಾತಿನವರಿಗೆ. ಪಟ್ಟಿ ನೋಡಿದ ಕೂಡಲೇ ಅವರಿಗೆ ಇದಲ್ಲ, ಇದಲ್ಲ, ಹಾಂ ಇದು ಅಂತ ಹೊಳೆಯುತ್ತದೆ. ಬರೀ ಪಟ್ಟಿ ಕೆಲಸಕ್ಕೆ ಬರುವುದು ಪದಗಳು ಮೊದಲೇ ಗೊತ್ತಿದ್ದು, ನೆನಪಿಗೆ ಬಾರದೇ ಇದ್ದವರಿಗೆ. ನಾವು ಇಂಗ್ಲಿಷನ್ನು ಶಾಲೆಯಲ್ಲಿ ಕಲಿತವರು. ನಮಗೆ ಪಟ್ಟಿಯ ಅರ್ಧ ಪದ ಹೊಸದು. ಹೊಸ ಪದ ಕಂಡ ಕೂಡಲೇ ಅದನ್ನೇ ಹಾಕೋಣ ಅನ್ನಿಸುತ್ತದೆ, ಅಲ್ವಾ? ನನ್ನ ತರಗತಿಯಲ್ಲಿ ಮಕ್ಕಳು "ಫೇಮಸ್" ಬದಲು "ನಟೋರಿಯಸ್" ಬರೆದು ತರುತ್ತಾರೆ. ಪಟ್ಟಿಯಲ್ಲಿ ಎರಡೂ ಪಕ್ಕಪಕ್ಕ ಇದ್ದವು ಮಿಸ್, ಅನ್ನುತ್ತಾರೆ. ವಿಜ್ಞಾನಿಯೊಬ್ಬರು ಕುಖ್ಯಾತರಾಗಿಬಿಟ್ಟಿರುತ್ತಾರೆ. "ಹೆವಿ ರೇನ್" ಸರಿ, ಹೆವಿಯ ಪಕ್ಕದಲ್ಲೇ ಇರುವ "ವೇಯ್ಟಿ" ತಂದು ಮಳೆಗೆ ಹಾಕಿದರೆ ಆಗುವುದಿಲ್ಲ. ಕಂಪ್ಯೂಟರಿನಲ್ಲಿ ಎಂಎಸ್ ವರ್ಡ್ ಇದೆಯಲ್ಲ, ಶಿಫ್ಟ್ ಮತ್ತು ಎಫ್7 ಒತ್ತಿದರೆ ಬರುವುದೂ ಹೆಚ್ಚುಕಡಿಮೆ ಬರೀ ಪಟ್ಟಿಯೇ. ನೆನಪು ಮಾಡಿಕೊಳ್ಳಲು ಬಳಸು. ಗೊತ್ತಿಲ್ಲದ ಪದವನ್ನು ಅಲ್ಲಿಂದ ಎತ್ತಿಕೊಳ್ಳಬೇಡ.

ಹಾಗಾಗಿ ಇಂಗ್ಲಿಷಿಗೆ ನಿನಗೆ ಬೇಕಾದದ್ದು ವ್ಯತ್ಯಾಸ ಬಿಡಿಸಿ ಹೇಳುವ ಪುಸ್ತಕ. ಅಂಗಡಿಗೆ ಹೋದಾಗ ಹೀಗೆ ಪರೀಕ್ಷೆ ಮಾಡು. ನಿನಗೆ ಚೆನ್ನಾಗಿ ಗೊತ್ತಿರುವ ಒಂದು ಪದ ತಗೋ, "ಥಿನ್" ಅಂತಿಟ್ಟುಕೋ. ಆ ಪುಟ ತೆಗೆದು ನೋಡು. ಸ್ಲಿಮ್, ಸ್ಲೆಂಡರ್, ಲೀನ್, ಸ್ಕಿನ್ನಿ, ಗಾಂಟ್ ಅಂತ ಸಾಲಾಗಿ ಕೊಟ್ಟು ಸುಮ್ಮನಾಗಿದ್ದರೆ ವಾಪಸ್ ಇಡು. ಸ್ಲಿಮ್ ಮೆಚ್ಚುಗೆ, ಸ್ಕಿನ್ನಿ ಆಡುಮಾತು ಮತ್ತು ಅಷ್ಟು ಒಳ್ಳೆಯ ಮಾತಲ್ಲ, ಗಾಂಟ್ ಅಂದರೆ ಕಾಯಿಲೆಯಿಂದಲೋ ಹಸಿವಿನಿಂದಲೋ ಸೊರಗಿದ್ದು ಅಂತ ಹೇಳಿದೆಯಾ? ಪ್ರತಿ ಪದಕ್ಕೂ ಒಂದಾದರೂ ಪೂರ್ತಿ ವಾಕ್ಯ ಇದೆಯಾ? ಮನುಷ್ಯ ತೆಳ್ಳಗಿರುವುದನ್ನೂ ಬಟ್ಟೆ ತೆಳ್ಳಗಿರುವುದನ್ನೂ ಬೇರೆ ಬೇರೆ ಇಟ್ಟಿದ್ದಾರಾ? ಇಷ್ಟು ಇದ್ದರೆ ಕಣ್ಣುಮುಚ್ಚಿ ತಗೋ. ನಮ್ಮ ಭಾಷೆಯಲ್ಲೂ ಹಾಗೇ ತಾನೇ? ತೆಳ್ಳಗಿದ್ದಾಳೆ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಸಣಕಲಿ ಅಂದರೆ ಮುಖ ಊದಿಸಿಕೊಳ್ಳುತ್ತಾರೆ. ಬಡಕಲು ದನದ ಪಕ್ಕೆಲುಬಿಗೆ ಸರಿ. ನೀನು ರಜೆಗೆ ಬಂದಾಗ ನಾನು ಅನ್ನುವುದು "ಸೊರಗಿದ್ದೀಯ" ಅಂತ, ಅದರಲ್ಲಿ ನನ್ನ ಚಿಂತೆಯೂ ಸೇರಿರುತ್ತದೆ.

ನನ್ನ ಲೆಕ್ಕದಲ್ಲಿ ಈ ಪರೀಕ್ಷೆಯಲ್ಲಿ ಪಾಸಾಗುವುದು ಆಕ್ಸ್‌ಫರ್ಡ್ ಲರ್ನರ್ಸ್ ಥೆಸಾರಸ್. ಇಂಗ್ಲಿಷನ್ನು ಕಲಿತು ಬರೆಯುವವರಿಗಾಗಿಯೇ ಮಾಡಿದ್ದು. ಪದ ಕಡಿಮೆ, ವಿವರಣೆ ಜಾಸ್ತಿ. ಸ್ವಲ್ಪ ಹಳೆಯದಾದರೂ ಲಾಂಗ್‌ಮನ್ ಲಾಂಗ್ವೇಜ್ ಆಕ್ಟಿವೇಟರ್ ಸಿಕ್ಕರೂ ಬಿಡಬೇಡ, ಅದೂ ಅರ್ಥ ಹಿಡಿದು ಪದಕ್ಕೆ ಕರೆದುಕೊಂಡು ಹೋಗುತ್ತದೆ. ಮುಖಪುಟದಲ್ಲಿ "ಇಷ್ಟು ಲಕ್ಷ ಪದಗಳು" ಅಂತ ದೊಡ್ಡದಾಗಿ ಹಾಕಿರುವುದನ್ನು ನೋಡಿ ಮರುಳಾಗಬೇಡ. ರೋಜೆ ಅಂತ ಹೆಸರಿದ್ದದ್ದೆಲ್ಲ ರೋಜೆಯ ಪುಸ್ತಕವೂ ಅಲ್ಲ. ಆ ಹೆಸರನ್ನು ಯಾರ್ಯಾರೋ ಹಾಕಿಕೊಂಡಿದ್ದಾರೆ.

ಈಗ ಕನ್ನಡದ ಮಾತು. ನಿನ್ನ ಕೆಲಸದಲ್ಲಿ ಇದೇ ಮುಖ್ಯ. ಕೆರೆಗಿಂತ ನನಗೆ ಜಾಸ್ತಿ ಚಿಂತೆ ಇರುವುದು "ಹೇಳಿದರು" ಬಗ್ಗೆ. ಪತ್ರಿಕೆ ತೆಗೆದರೆ ತಿಳಿಸಿದರು, ನುಡಿದರು, ಅಭಿಪ್ರಾಯಪಟ್ಟರು, ಸ್ಪಷ್ಟಪಡಿಸಿದರು, ಒಪ್ಪಿಕೊಂಡರು, ಸಮರ್ಥಿಸಿಕೊಂಡರು, ಅಲವತ್ತುಕೊಂಡರು, ಗುಡುಗಿದರು. ಒಂದೇ ಪದ ಬೇಸರ ಆಗುತ್ತದೆ ಅಂತ ಹೀಗೆ ಸರದಿ ಮೇಲೆ ಹಾಕುತ್ತಾರೆ. ಒಬ್ಬ ಅಧಿಕಾರಿ "ಕಾಮಗಾರಿ ತಡವಾಗಿದೆ" ಅಂದರು ಅಂತಿಟ್ಟುಕೋ. "ಹೇಳಿದರು" ಅಂತ ಬರೆದರೆ ಅವರು ಹೇಳಿದರು, ಅಷ್ಟೇ. "ಒಪ್ಪಿಕೊಂಡರು" ಅಂತ ಬರೆದರೆ ಅವರ ಮೇಲೆ ಒಂದು ಆರೋಪ ಇತ್ತು, ಈಗ ಮಣಿದರು ಅಂತಾಯಿತು. "ಸ್ಪಷ್ಟಪಡಿಸಿದರು" ಅಂದರೆ ಇಲ್ಲಿಯವರೆಗೆ ಗೊಂದಲ ಇತ್ತು, ಅವರ ಮಾತೇ ನಿಜ ಅಂತ ನೀನು ಮುದ್ರೆ ಒತ್ತಿದ ಹಾಗೆ. "ಅಲವತ್ತುಕೊಂಡರು" ಅಂದರೆ ತಪ್ಪು ಇನ್ಯಾರದೋ, ಪಾಪ ಅವರು ಸಿಕ್ಕಿಹಾಕಿಕೊಂಡಿದ್ದಾರೆ. ಅವರು ಆಡಿದ್ದು ಎರಡೇ ಪದ. ತೀರ್ಪು ಮಾತ್ರ ನಿನ್ನ ಕ್ರಿಯಾಪದದಲ್ಲಿ ಬಂದುಬಿಡುತ್ತದೆ. ವರದಿಗಾರರು ಇದನ್ನು ತಿಳಿದು ಮಾಡಬೇಕು, ಅಂದಕ್ಕಾಗಿ ಮಾಡಬಾರದು. "ಹೇಳಿದರು" ಹತ್ತು ಸಲ ಬಂದರೂ ಓದುವವರ ಕಣ್ಣು ಅದರ ಮೇಲೆ ನಿಲ್ಲುವುದಿಲ್ಲ, ಹೇಳಿದ್ದರ ಮೇಲೆ ನಿಲ್ಲುತ್ತದೆ. ಡೆಸ್ಕಿನವರು ಮತ್ತೆ ಕೇಳಿದರೆ ಈ ಮಾತನ್ನೇ ಗೌರವವಾಗಿ ಹೇಳು. ಅನುಭವಸ್ಥರು, ಕೇಳಿಸಿಕೊಳ್ಳುತ್ತಾರೆ.

ಸಾವಿನ ಸುದ್ದಿಯಲ್ಲಿ ಅಂತೂ ತುಂಬ ಹುಷಾರು. ನಿಧನರಾದರು, ತೀರಿಕೊಂಡರು, ಅಸುನೀಗಿದರು, ಮೃತಪಟ್ಟರು, ಲಿಂಗೈಕ್ಯರಾದರು. ಯಾರು, ಹೇಗೆ, ಯಾವ ಸಂಪ್ರದಾಯದವರು ಅನ್ನುವುದರ ಮೇಲೆ ಇವು ನಿಲ್ಲುತ್ತವೆ. ಇಲ್ಲಿ ಪದ ತಪ್ಪಿದರೆ ಒಂದು ಮನೆಯವರಿಗೆ ನೋವಾಗುತ್ತದೆ.

ಕನ್ನಡದಲ್ಲಿ ಪದ ಹುಡುಕಲು ನಾನು ಮಾಡುವುದು ಹೀಗೆ. ಮೊದಲು ಇಂಗ್ಲಿಷ್–ಕನ್ನಡ ನಿಘಂಟು ತೆಗೆಯುತ್ತೇನೆ. ಮೈಸೂರು ವಿಶ್ವವಿದ್ಯಾನಿಲಯದ್ದು ಒಳ್ಳೆಯದು. ಒಂದು ಇಂಗ್ಲಿಷ್ ಪದಕ್ಕೆ ಅವರು ನಾಲ್ಕಾರು ಕನ್ನಡ ಪದ ಕೊಟ್ಟಿರುತ್ತಾರೆ, ಅದೇ ನಮಗೆ ಪಟ್ಟಿ. ಆಮೇಲೆ ಒಂದೊಂದನ್ನೂ ಕನ್ನಡ ನಿಘಂಟಿನಲ್ಲಿ ನೋಡುತ್ತೇನೆ. ಕನ್ನಡ ಸಾಹಿತ್ಯ ಪರಿಷತ್ತಿನದು ಎಂಟು ಸಂಪುಟ. ಶಾಸನದಲ್ಲಿ, ಕಾವ್ಯದಲ್ಲಿ ಆ ಪದ ಎಲ್ಲೆಲ್ಲಿ ಹೇಗೆ ಬಂದಿದೆ ಅಂತ ಉದಾಹರಣೆ ಸಮೇತ ಕೊಟ್ಟಿದ್ದಾರೆ. ಜಿ. ವೆಂಕಟಸುಬ್ಬಯ್ಯ ಅದರ ಪ್ರಧಾನ ಸಂಪಾದಕರಾಗಿದ್ದರು. ಪ್ರಜಾವಾಣಿಯ "ಇಗೋ ಕನ್ನಡ" ಅಂಕಣದಲ್ಲಿ ಓದುಗರ ಪದದ ಸಂದೇಹಗಳಿಗೆ ವರ್ಷಗಟ್ಟಲೆ ಉತ್ತರ ಬರೆದರು. ಅಂಥವರ ಕೆಲಸ ನಮ್ಮ ಕೈಗೆ ಸಿಗುವ ಹಾಗಿದೆ, ಬಳಸದೇ ಇರುವುದು ನಷ್ಟ. ಎಂಟು ಸಂಪುಟ ನಿನ್ನ ಪಿಜಿ ರೂಮಿನಲ್ಲಿ ಹಿಡಿಸುವುದಿಲ್ಲ, ಲೈಬ್ರರಿಯಲ್ಲಿ ನೋಡು. ದಿನದ ಬಳಕೆಗೆ ಫೋನಿನಲ್ಲಿ "ಅಲರ್" ಇಟ್ಟುಕೋ. ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಅದು, ಯಾರು ಬೇಕಾದರೂ ದುಡ್ಡಿಲ್ಲದೆ ನೋಡಬಹುದು. ಹಳೆಯ ಪದ, ಗಾದೆ ಬೇಕಾದರೆ ಕಿಟೆಲ್. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟು ಈಗಲೂ ಕೈಬಿಡುವುದಿಲ್ಲ.

ಪುಸ್ತಕದಲ್ಲಿ ಸಿಗದ ಪದಗಳಿಗೆ ಒಂದು ನೋಟ್‌ಬುಕ್ ಇಡು. ಅಕಾರಾದಿಯಲ್ಲಿ ಬೇಡ, ವಿಷಯ ಹಿಡಿದು ಬರಿ. ಮಳೆಗೆ ಒಂದು ಪುಟ: ತುಂತುರು, ಜಿನುಗು, ಸೋನೆ, ಜಡಿಮಳೆ, ಬಿರುಮಳೆ. ಮಾರುಕಟ್ಟೆಗೆ ಒಂದು, ಕೋರ್ಟಿಗೆ ಒಂದು, ಹೊಲಕ್ಕೆ ಒಂದು. ಯಾರ ಬಾಯಲ್ಲಿ, ಯಾವ ಊರಲ್ಲಿ ಕೇಳಿದೆ ಅಂತ ಪಕ್ಕದಲ್ಲಿ ಬರೆದಿಡು. ಕಲಬುರಗಿಯ ಪದ ಮಂಗಳೂರಿನವರಿಗೆ ಅರ್ಥ ಆಗದೇ ಇರಬಹುದು, ನಿನ್ನ ಪತ್ರಿಕೆಯನ್ನು ಇಬ್ಬರೂ ಓದುತ್ತಾರೆ.

ಬರೆಯುವಾಗ ಮಾತ್ರ ಇದನ್ನೆಲ್ಲ ತೆಗೆಯಬೇಡ. ಬಂದ ಪದದಲ್ಲೇ ಬರೆದು ಮುಗಿಸು. ಸರಿ ಕೂರಲಿಲ್ಲ ಅನ್ನಿಸಿದ ಕಡೆ ಒಂದು ಗೆರೆ ಎಳೆ, ಮುಂದೆ ಹೋಗು. ಆಮೇಲೆ ಗೆರೆ ಎಳೆದದ್ದಕ್ಕೆ ಮಾತ್ರ ಹುಡುಕು. ಸಿಕ್ಕ ಪದ ಹೊಸದಾದರೆ ನಿಘಂಟಿನಲ್ಲಿ ನೋಡದೆ ಹಾಕಬೇಡ. ಹಾಕಿದಮೇಲೆ ಆ ವಾಕ್ಯವನ್ನು ಗಟ್ಟಿಯಾಗಿ ಓದು. ಪದ ಎದ್ದು ಕಾಣುತ್ತಿದ್ದರೆ ತೆಗೆದು ಮೊದಲಿದ್ದದ್ದನ್ನೇ ಇಡು.

ಹೊಸದಕ್ಕೆ ದುಡ್ಡು ಜಾಸ್ತಿ ಅನ್ನಿಸಿದರೆ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಕೇಳಿ ನೋಡು. ಪುಟ ಹರಿದಿಲ್ಲ ತಾನೇ, ಕೊನೆಯ ಸೂಚಿ ಪೂರ್ತಿ ಇದೆಯಾ ಅಂತ ನೋಡಿಕೊಂಡು ತಗೋ. ಕಿಟೆಲ್ ಕೊಳ್ಳಬೇಡ. ಅಪ್ಪ ಮುಂದಿನ ತಿಂಗಳು ಬೆಂಗಳೂರಿಗೆ ಬರುತ್ತಾರೆ, ನನ್ನದನ್ನೇ ಕೊಟ್ಟು ಕಳಿಸುತ್ತೇನೆ. ಅಂಚಿನಲ್ಲಿ ನಾನು ಪೆನ್ಸಿಲಿನಲ್ಲಿ ಬರೆದದ್ದು ಇರುತ್ತದೆ, ಅಳಿಸಬೇಡ.

ಊಟ ಬಿಡಬೇಡ.

ನಿನ್ನ ಪ್ರೀತಿಯ
ಅಮ್ಮ