ಹಳೆಯ ವಾದ್ಯವಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಯುರೋಪಿನ ಪ್ರಾಚೀನ ಸಂಗೀತವನ್ನು ಅದರ ಕಾಲದ ರೀತಿಯಲ್ಲೇ ನುಡಿಸುವವರ ಬಗ್ಗೆ ಬರೆಯುವಾಗ ಹಳೆಯ ವಾದ್ಯಗಳ ಅಂದಚಂದ ಹೊಗಳಿ ಮುಗಿಸುವ ರೂಢಿಯಿದೆ. ನೆದರ್ಲೆಂಡ್ಸ್‌ನ ಹಾರ್ಪ್ಸಿಕಾರ್ಡ್ (ಪಿಯಾನೊಗಿಂತ ಹಳೆಯ ಕೀಲಿಮಣೆ ವಾದ್ಯ) ವಾದಕ ಗುಸ್ಟಾವ್ ಲಿಯೊನ್‌ಹಾರ್ಟ್ (1928–2012) ಅವರ ಜೀವಮಾನದ ದುಡಿಮೆಗೆ ಇದರಿಂದ ನ್ಯಾಯ ಸಿಗದು.

ಹಾರ್ಪ್ಸಿಕಾರ್ಡ್‌ನಲ್ಲಿ ಪಿಯಾನೊದಂತೆ ಸುತ್ತಿಗೆಗಳಿಲ್ಲ. ಕೀಲಿ ಒತ್ತಿದಾಗ ಮರದ ತೆಳುಪಟ್ಟಿಯೊಂದು ಮೇಲೆದ್ದು, ಅದಕ್ಕೆ ಸಿಕ್ಕಿಸಿದ ಹಕ್ಕಿಗರಿಯ ದಂಟಿನ ಚೂರು ತಂತಿಯನ್ನು ಮೀಟುತ್ತದೆ. ಎಷ್ಟೇ ಜೋರಾಗಿ ಒತ್ತಿದರೂ ನಾದ ಹೆಚ್ಚುವುದು ನಾಮಮಾತ್ರಕ್ಕೆ. ಕೀಲಿ ತಳಕ್ಕೆ ಬಡಿದ ಸದ್ದು ಮಾತ್ರ ಎದ್ದು ಕೇಳುತ್ತದೆ. ಪಿಯಾನೊ ಕಲಿತು ಬಂದವರು ಮೊದಲು ಎಡವುವುದು ಇಲ್ಲೇ. ಹಾಗಾದರೆ ಒಂದು ಸ್ವರಕ್ಕೆ ಒತ್ತು ಕೊಡುವುದು ಹೇಗೆ? ಅದರ ಹಿಂದಿನ ಸ್ವರವನ್ನು ತುಸು ಬೇಗ ಬಿಡಬೇಕು. ಆ ಕಿರುಮೌನ ದಾಟಿ ಬಂದ ಸ್ವರ ಕಿವಿಗೆ ದೊಡ್ಡದಾಗಿ ಕೇಳುತ್ತದೆ. ನಾದ ತುಂಬಿಕೊಳ್ಳಬೇಕಾದಲ್ಲಿ ಇದಕ್ಕೆ ತದ್ವಿರುದ್ಧ: ಮುಂದಿನ ಸ್ವರ ಹೊರಟ ಮೇಲೂ ಹಿಂದಿನದರ ಮೇಲಿನ ಬೆರಳು ಎತ್ತಬಾರದು. ಲಿಯೊನ್‌ಹಾರ್ಟ್ ನುಡಿಸಿದ, ಹದಿನೆಂಟನೇ ಶತಮಾನದ ಜರ್ಮನ್ ಸಂಯೋಜಕ ಬಾಖ್ ಅವರ ಕೃತಿಗಳಲ್ಲಿ ಮಾತಾಡಿದಂತೆ ಕೇಳುವ ಲಯ ಹುಟ್ಟಿದ್ದು ಈ ಸೂಕ್ಷ್ಮ ಲೆಕ್ಕದಿಂದ.

ಬೆರಳಿನ ಮಾತು ವಾದ್ಯಕ್ಕೂ ಕೇಳಿಸಬೇಕಲ್ಲ. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಪಿಯಾನೊ ಕಂಪನಿಗಳು ಕಟ್ಟಿದ ಹಾರ್ಪ್ಸಿಕಾರ್ಡ್‌ಗಳು ಭಾರದ ಚೌಕಟ್ಟಿನವು. ನಾದ ಮರದೊಳಗೇ ಉಳಿದುಬಿಡುತ್ತಿತ್ತು. ಜರ್ಮನಿಯ ವಾದ್ಯ ತಯಾರಕ ಮಾರ್ಟಿನ್ ಸ್ಕೊವ್ರೊನೆಕ್, ಡುಲ್ಕನ್ ಎಂಬ ಹಳೆಯ ತಯಾರಕ 1745ರಲ್ಲಿ ಕಟ್ಟಿದ ವಾದ್ಯವನ್ನು ಮಾದರಿಯಾಗಿಟ್ಟು 1962ರಲ್ಲಿ ಕಟ್ಟಿದ ಹಗುರ ವಾದ್ಯವನ್ನು ಲಿಯೊನ್‌ಹಾರ್ಟ್ ನುಡಿಸಿದರು. ಇಂಥ ವಾದ್ಯ ಸಾಕುವುದೂ ಸುಲಭವಲ್ಲ. ಗರಿ ಕೂದಲೆಳೆಯಷ್ಟು ಉದ್ದವಾದರೂ ತಂತಿಗೆ ಸಿಕ್ಕಿ ನಿಲ್ಲುತ್ತದೆ, ಅದೇ ಸ್ವರ ಮತ್ತೆ ನುಡಿಯುವುದಿಲ್ಲ. ಗಿಡ್ಡವಾದರೆ ನಾದವೇ ಸೊರಗುತ್ತದೆ. ಹವೆಯ ತೇವ ಬದಲಾದರೆ ಶ್ರುತಿ ಜಾರುತ್ತದೆ, ಕಛೇರಿಯ ವಿರಾಮದಲ್ಲೂ ಶ್ರುತಿ ಮಾಡಬೇಕಾಗಬಹುದು.

ಶ್ರುತಿಯದು ಇನ್ನೊಂದು ಗೊಂದಲ. ಬರೋಕ್ (ಸುಮಾರು 1600–1750ರ) ಸಂಗೀತ ನುಡಿಸುವ ವಾದ್ಯಮೇಳಗಳು ಇಂದು ಸಾಮಾನ್ಯವಾಗಿ ‘ಎ’ ಸ್ವರಕ್ಕೆ ಬಳಸುವ 415 ಹರ್ಟ್ಜ್ (ಸೆಕೆಂಡಿಗೆ 415 ಕಂಪನ), ಈಗಿನ 440ಕ್ಕಿಂತ ಅರ್ಧ ಸ್ವರ ಕೆಳಗೆ. ಅಂದಿನ ಯುರೋಪಿನಲ್ಲೆಲ್ಲ ಇದೇ ಶ್ರುತಿಯಿತ್ತು ಎಂದು ಬರೆಯುವುದು ತಪ್ಪು, ಊರಿಗೊಂದು ಶ್ರುತಿಯಿತ್ತು. 415 ಈಗಿನವರು ಅನುಕೂಲಕ್ಕೆ ಒಪ್ಪಿಕೊಂಡ ಸಂಖ್ಯೆ.

ಲಿಯೊನ್‌ಹಾರ್ಟ್ ಮತ್ತು ಆಸ್ಟ್ರಿಯಾದ ಸಂಗೀತ ನಿರ್ದೇಶಕ ನಿಕೊಲಾಸ್ ಹಾರ್ನೊನ್‌ಕೂರ್ 1971ರಲ್ಲಿ ಶುರುಮಾಡಿದ ಬಾಖ್ ಕ್ಯಾಂಟಾಟಾಗಳ (ವಾದ್ಯಮೇಳದೊಂದಿಗೆ ಹಾಡುವ ಕೃತಿಗಳ) ಧ್ವನಿಮುದ್ರಣ ಮುಗಿಯಲು ಎರಡು ದಶಕದ ಹತ್ತಿರ ಹತ್ತಿರ ಹಿಡಿಯಿತು. ಹಾರ್ಪ್ಸಿಕಾರ್ಡ್ ವಾದಕ ಟಾನ್ ಕೂಪ್‌ಮನ್ ಅವರಂಥವರು ಲಿಯೊನ್‌ಹಾರ್ಟ್ ಅವರ ಶಿಷ್ಯರು. ಇಂಥವರ ಮುದ್ರಿಕೆಗಳ ಪರಿಚಯ ಪ್ರಕಟಿಸುವಾಗ ವಾದ್ಯ ಕಟ್ಟಿದವರ ಹೆಸರು, ಮೂಲ ಮಾದರಿ, ಶ್ರುತಿ ಇಷ್ಟನ್ನಾದರೂ ದಯವಿಟ್ಟು ಸೇರಿಸಿ. ಕೇಳುವವರಿಗೆ ವ್ಯತ್ಯಾಸ ಹಿಡಿಯಲು ಅದು ಬೇಕೇ ಬೇಕು.