ಬಯಾಲಜಿ ಜೊತೆಗೆ ಕನ್ನಡ ಎಂತಕ್ಕೆ ಅಂತ ಕೇಳಿದ್ದೀಯಲ್ಲ

ಬದಿಯಡ್ಕ, ಭಾನುವಾರ

ಪ್ರೀತಿಯ ಗೆಳೆಯಾ,

ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನನ್ನು ಮಾತಾಡಲು ಬಿಡುವುದಿಲ್ಲ. ಹಾಗಾಗಿ ಪತ್ರ. ನಮ್ಮ ಹಳೇ ಕ್ಲಾಸಿನವರೂ ಇದನ್ನೇ ಕೇಳುತ್ತಿರುವುದರಿಂದ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. "ಮನುಷ್ಯನ ದೇಹದ ಬಗ್ಗೆ ಓದುವವನಿಗೆ ಕನ್ನಡ ಎಂತಕ್ಕೆ ಮಾರಾಯ, ಕಂಪ್ಯೂಟರ್ ತಗೊಳ್ಳಬಾರದಿತ್ತಾ?" ಅಂತ ನೀನು ಅಂದಿದ್ದೆ. ಮಾವನೂ ಇದನ್ನೇ ಕೇಳಿದರು, ಇನ್ನೂ ಜೋರಾಗಿ.

2024ರಿಂದ ಕೇರಳದಲ್ಲಿ ಡಿಗ್ರಿ ನಾಲ್ಕು ವರ್ಷದ್ದು. ಮೂರಕ್ಕೇ ಮುಗಿಸಿದರೆ ಬರೀ ಡಿಗ್ರಿ, ನಾಲ್ಕನೆಯದನ್ನೂ ಓದಿದರೆ ಆನರ್ಸ್. ಒಂದು ಮೇಜರ್, ಅಂದರೆ ಮುಖ್ಯ ವಿಷಯ. ಜೊತೆಗೆ ಮೈನರ್, ಅಂದರೆ ಉಪವಿಷಯ. ನನ್ನದು ಪ್ರಾಣಿಶಾಸ್ತ್ರ ಮೇಜರ್. ಅದರಲ್ಲಿ ನನಗೆ ರುಚಿ ಹತ್ತಿದ್ದು ಮನುಷ್ಯನ ಶರೀರಕ್ರಿಯೆ. ಮೈನರ್ ಕನ್ನಡ. ಇಂಥ ಜೋಡಿ ಇರಬಹುದು ಅಂತ ಟೈಮ್‌ಟೇಬಲ್ ಮಾಡಿದವರಿಗೆ ಹೊಳೆದೇ ಇಲ್ಲ. ಬುಧವಾರ ಲ್ಯಾಬೂ ಕನ್ನಡ ಕ್ಲಾಸೂ ಒಂದೇ ಹೊತ್ತಿಗೆ. ಅದರ ಕತೆ ಬೇಡ ಬಿಡು.

ಕನ್ನಡ ಕ್ಲಾಸಿನಲ್ಲಿ ಕೇಶಿರಾಜ ಬಂದ. 13ನೇ ಶತಮಾನದ ವ್ಯಾಕರಣಕಾರ. ಮಾತು ಹುಟ್ಟುವುದು ಹೇಗೆ ಅಂತ ಅವನದೊಂದು ಪದ್ಯ ಇದೆ. ಜೀವ ಬಯಸಿದಾಗ ಹೊಕ್ಕುಳಿನ ಬುಡದಿಂದ ಗಾಳಿ ಎದ್ದು, ಕಹಳೆಯ ರೀತಿಯಲ್ಲಿ ಶಬ್ದ ಹುಟ್ಟುತ್ತದಂತೆ. ಎಲ್ಲರೂ ಪರೀಕ್ಷೆಗೆ ಅಂತ ಬರೆದುಕೊಂಡರು. ನಾನು ಆಗಷ್ಟೇ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆ), ಶ್ವಾಸಕೋಶ, ಧ್ವನಿಪೆಟ್ಟಿಗೆ ಓದಿ ಬಂದಿದ್ದೆ. ಹೊಕ್ಕುಳು ಸರಿಯಲ್ಲ, ಗಾಳಿ ಬರುವುದು ಶ್ವಾಸಕೋಶದಿಂದ. ಆದರೆ ಕಹಳೆ ಸರಿಯೇ! ಊದುವವನ ತುಟಿ ಅದುರಬೇಕು, ಇಲ್ಲಿ ಧ್ವನಿಪೆಟ್ಟಿಗೆಯ ಎರಡು ಮಡಿಕೆ ಅದುರಬೇಕು. ಗಂಡಸರು ಮಾತಾಡುವಾಗ ಸೆಕೆಂಡಿಗೆ 100ರಿಂದ 130 ಸಲ, ಹೆಂಗಸರು ಮಾತಾಡುವಾಗ ಸುಮಾರು 200 ಸಲ.

ಇದನ್ನು ಕಣ್ಣಾರೆ ನೋಡಬೇಕು ಅನ್ನಿಸಿತು. ಹೆಣ ಕೊಯ್ದು ಕಲಿಯುವುದು ಎಂಬಿಬಿಎಸ್‌ನವರಿಗೆ. ನಮಗೆ ಪ್ಲಾಸ್ಟಿಕ್ ಮಾಡೆಲ್ ಮತ್ತು ಚಾರ್ಟು. ಅದಕ್ಕೆ ಪೇಟೆಯ ಮಾಂಸದ ಅಂಗಡಿಯಿಂದ ಆಡಿನ ಗಂಟಲು ತಂದೆವು. ಯಾರಿಗೂ ಬೇಡದ ತುಂಡು, ಅಂಗಡಿಯವರು ದುಡ್ಡೇ ತಗೊಳ್ಳಲಿಲ್ಲ. ಶ್ವಾಸನಾಳಕ್ಕೆ ಸೈಕಲ್ ಪಂಪಿನ ಟ್ಯೂಬ್ ಸಿಕ್ಕಿಸಿ, ಮೇಲೆ ಹಿಂಬದಿಯಲ್ಲಿರುವ ಎರಡು ಪುಟ್ಟ ಮೃದ್ವಸ್ಥಿಗಳನ್ನು ಬೆರಳಿನಿಂದ ಒತ್ತಿ ಹಿಡಿದೆವು. ಗಾಳಿ ಬಿಟ್ಟಾಗ ಮೊದಲು ಬರೀ ಬುಸ್ ಅಂತು. ಇನ್ನೂ ಸ್ವಲ್ಪ ಬಿಗಿಯಾಗಿ ಒತ್ತಿದಾಗ ಮಡಿಕೆಗಳು ಒಂದಕ್ಕೊಂದು ತಾಗಿದವು. ಗೊರಗೊರ ಅಂತ ಒಂದು ಸ್ವರ ಬಂತು. ಸತ್ತ ಆಡಿನದ್ದು! ಮುಂದಿನ ದೊಡ್ಡ ಮೃದ್ವಸ್ಥಿಯನ್ನು ಮುಂದಕ್ಕೆ ಬಗ್ಗಿಸಿದರೆ ಮಡಿಕೆ ಬಿಗಿದು ಸ್ವರ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಸ್ನಾನ ಮಾಡದೆ ಅಮ್ಮ ನನ್ನನ್ನು ಒಳಗೆ ಸೇರಿಸಲಿಲ್ಲ ಅಂತ ಬೇರೆ ಹೇಳಬೇಕಾ?

ಆ ಮಡಿಕೆಗಳನ್ನು ಆಡಿಸುವ ನರದ ದಾರಿ ಕೇಳಿದರೆ ಇಂಜಿನಿಯರಿಂಗ್ ಓದುವ ನೀನು ನಗುತ್ತೀ. ಎಡಗಡೆಯದು ಮಿದುಳಿನ ಕಡೆಯಿಂದ ಹೊರಟು, ಗಂಟಲನ್ನು ದಾಟಿ, ಎದೆಗೆ ಇಳಿದು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಕಮಾನಿನ ಅಡಿಯಲ್ಲಿ ಸುತ್ತು ಹಾಕಿ ಮತ್ತೆ ಗಂಟಲಿಗೆ ಹತ್ತುತ್ತದೆ. ಜಿರಾಫೆಯಲ್ಲೂ ಅದೇ ದಾರಿ, ಅಷ್ಟುದ್ದದ ಕುತ್ತಿಗೆ ಇಳಿದು ಹತ್ತಿ. ಮೀನಿನಂಥ ಪೂರ್ವಜರ ಕಾಲದ ನಕ್ಷೆ. ಕುತ್ತಿಗೆ ಬೆಳೆಯಿತು, ದಾರಿ ಬದಲಾಗಲಿಲ್ಲ. ಅದಕ್ಕೇ ಸ್ವರ ಒಡೆದು ವಾರಗಟ್ಟಲೆ ಸರಿಯಾಗದಿದ್ದರೆ ಡಾಕ್ಟರು ಎದೆಯ ಎಕ್ಸ್‌ರೇ ತೆಗೆಸುವುದುಂಟು. ನಮ್ಮೂರಿನಲ್ಲಿ ಭಾಗವತರ ಸ್ವರ ಬಿದ್ದರೆ ಎಲ್ಲರಿಗೂ ನೆನಪಾಗುವುದು ಕಷಾಯ ಮಾತ್ರ.

ಆಮೇಲೆ ಬ್ರೋಕಾ ಅನ್ನುವ ಫ್ರೆಂಚ್ ಡಾಕ್ಟರ ಪಾಠ. 1861ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ರೋಗಿಯೊಬ್ಬನಿಗೆ ಹೇಳಿದ್ದು ಅರ್ಥವಾಗುತ್ತಿತ್ತು, ಆದರೆ ಬಾಯಿಂದ ಬರುತ್ತಿದ್ದದ್ದು ಹೆಚ್ಚುಕಡಿಮೆ 'ತಾನ್' ಅಂತ ಮಾತ್ರ. ಸತ್ತ ಮೇಲೆ ನೋಡಿದರೆ ಮಿದುಳಿನ ಎಡಬದಿಯ ಮುಂಭಾಗ ಕೆಟ್ಟಿತ್ತು. ಈ ಪಾಠವನ್ನು ಸರ್ ವಿವರಿಸಿದ್ದು ಮಲಯಾಳದಲ್ಲಿ. ನಾನು ಬರೆದುಕೊಂಡದ್ದು ಇಂಗ್ಲಿಷಿನಲ್ಲಿ. ಪಕ್ಕದವನಿಗೆ ತುಳುವಿನಲ್ಲಿ ಹೇಳಿದೆ, ರಾತ್ರಿ ಅಪ್ಪನಿಗೆ ಕನ್ನಡದಲ್ಲಿ. ಮಿದುಳು ಒಂದೇ ಅಲ್ವಾ? ಹಾಗಾದರೆ ಪಾರ್ಶ್ವವಾಯು ಬಡಿದು ಮಾತು ಹೋದರೆ ನಾಲ್ಕೂ ಒಟ್ಟಿಗೆ ಹೋಗಿ ಒಟ್ಟಿಗೆ ಹಿಂದೆ ಬರುತ್ತವಾ? ಎಲ್ಲರಿಗೂ ಹಾಗಾಗುವುದಿಲ್ಲ. ಕೆಲವರಿಗೆ ಎಲ್ಲ ಭಾಷೆ ಸಮಸಮವಾಗಿ ಚೇತರಿಸುತ್ತವೆ. ಕೆಲವರಿಗೆ ಚಿಕ್ಕಂದಿನ ಭಾಷೆ ಮೊದಲು, ಇನ್ನು ಕೆಲವರಿಗೆ ದಿನಾ ಆಡುತ್ತಿದ್ದದ್ದು ಮೊದಲು.

ನೆರೆಮನೆಯ ಅಜ್ಜಿಗೆ ಹೀಗಾದಾಗ ಆಸ್ಪತ್ರೆಯಲ್ಲಿ ಬಾಚಣಿಗೆಯ ಚಿತ್ರ ತೋರಿಸಿ ಇದೇನು ಅಂತ ಮಲಯಾಳದಲ್ಲಿ ಕೇಳಿದರು. ಅಜ್ಜಿ ಸುಮ್ನೆ ನೋಡುತ್ತಿದ್ದರು. ಫಾರಮಿನಲ್ಲಿ ಸೊನ್ನೆ ಬಿತ್ತು. ಮಗ ತುಳುವಿನಲ್ಲಿ ಕೇಳಿದ ಕೂಡಲೇ ತಲೆಗೆ ಕೈ ಹಾಕಿ ಬಾಚುವ ಹಾಗೆ ಮಾಡಿದರು, ತೊದಲುತ್ತ ಹೆಸರೂ ಬಂತು. ಆ ಸೊನ್ನೆ ಮಿದುಳಿನದ್ದಾ, ಭಾಷೆಯದ್ದಾ? ನಮ್ಮ ಕಾಸರಗೋಡು ಸಪ್ತಭಾಷೆಗಳ ನಾಡು ಅಂತ ನಾವು ಭಾಷಣದಲ್ಲಿ ಹೇಳುತ್ತೇವೆ. ಅದರ ಕಷ್ಟ ಗೊತ್ತಾಗುವುದು ಆಸ್ಪತ್ರೆಯಲ್ಲಿ.

ನಮ್ಮ ಜಿಲ್ಲೆಯದೇ ಎಣ್ಮಕಜೆಯ ಪಡ್ರೆ ಕಡೆಗೆ ಹೋದರೆ ಇದು ಇನ್ನೂ ಭಾರ. ಅಲ್ಲಿ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದರು. ಸುಪ್ರೀಂ ಕೋರ್ಟು ಆ ಕೀಟನಾಶಕವನ್ನೇ ಇಡೀ ದೇಶದಲ್ಲಿ ತಡೆದದ್ದು 2011ರಲ್ಲಿ. ಮಿದುಳಿನ ಉದ್ರೇಕವನ್ನು ಹಿಡಿದಿಡುವ ಗಾಬಾ ಗ್ರಾಹಕಗಳಿಗೆ ಆ ವಿಷ ಅಡ್ಡ ಬರುತ್ತದೆ, ಮೈಗೆ ಹೆಚ್ಚು ಸೇರಿದರೆ ಸೆಳವು ಬರುವುದು ಅದರಿಂದ. ಇಷ್ಟು ಬರೆದರೆ ಪರೀಕ್ಷೆಯಲ್ಲಿ ಪೂರ್ತಿ ಅಂಕ. ಆದರೆ ಮಗುವಿಗೆ ರಾತ್ರಿ ಏನಾಯಿತು ಅಂತ ಅಲ್ಲಿಯ ತಾಯಿ ಹೇಳುವುದು ತುಳುವಿನಲ್ಲೋ ಕನ್ನಡದಲ್ಲೋ. ಅದನ್ನು ಸರಿಯಾಗಿ ಕೇಳಿ, ಒಂದು ಮಾತೂ ಬಿಡದೆ ಬರೆದುಕೊಳ್ಳುವುದು ನನ್ನ ಬಯಾಲಜಿ ಕಲಿಸಿದ ವಿದ್ಯೆಯಲ್ಲ. ಅದಕ್ಕೇ ಕನ್ನಡ. ಕಂಪ್ಯೂಟರನ್ನು ರಜೆಯಲ್ಲಿ ನಿನ್ನಿಂದ ಕಲಿತರಾಯಿತು.

ಕಷ್ಟ ಯಾವುದು ಅಂತಲೂ ನೀನು ಕೇಳಿದ್ದೆ. ಹಳಗನ್ನಡ. ನರಗಳ ಹೆಸರು ಬಾಯಿಪಾಠ ಮಾಡಿದರೆ ಬರುತ್ತದೆ.

ನಿನ್ನ ತಂಗಿಗೆ ವಾಕ್ ಚಿಕಿತ್ಸೆಯೇ ಬೇಕು ಅಂತಿದ್ದರೆ ನನ್ನ ದಾರಿ ಹಿಡಿಯುವುದು ಬೇಡ. ಪಿಯುಸಿ ಸೈನ್ಸ್ ಆದ ಕೂಡಲೇ ಬಿಎಎಸ್‌ಎಲ್‌ಪಿಗೆ, ಅಂದರೆ ಮಾತು ಮತ್ತು ಕೇಳುವಿಕೆಯ ತೊಂದರೆಗಳ ಬಗ್ಗೆ ಕಲಿಸುವ ಡಿಗ್ರಿಗೆ, ನೋಡಲಿ. ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದೆ, ನಿಮ್ಮ ಮಂಗಳೂರಿನಲ್ಲೂ ಇದೆ. ನನಗೆ ಡಿಗ್ರಿ ಮುಗಿಸಿ ಭಾಷಾವಿಜ್ಞಾನ ಓದುವ ಆಸೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಇದೆ, ಮನೆಯಿಂದಲೂ ದೂರವಲ್ಲ. ಮಾವನಿಗೆ ಇದನ್ನಿನ್ನೂ ಹೇಳಿಲ್ಲ, ನೀನೂ ಹೇಳಬೇಡ.

ನಿನ್ನ ಅಕ್ಕ ನರ್ಸಿಂಗಿನಲ್ಲಿ ಓದಿದ ಅನಾಟಮಿ ಪುಸ್ತಕ ಇನ್ನೂ ಇದ್ದರೆ, ಮುಂದಿನ ಸಲ ಬರುವಾಗ ತಾ. ಚಿತ್ರಗಳಿರುವ ದೊಡ್ಡದು. ಸಣ್ಣದು ನನ್ನಲ್ಲಿ ಉಂಟು.

ಇತಿ,
ನಿನ್ನ ಗೆಳೆಯ